ಗೆಲಿಲಿಯೋನೂ ಕಡಲಿನ ಉಬ್ಬರವೂ

ನಾನು ಹುಟ್ಟಿ ಬೆಳೆದದ್ದು ಅಘನಾಶಿನಿ ಹೊಳೆಯು ಕಡಲನ್ನು ಸೇರುವ ಎಡೆಯಲ್ಲಿರುವ ಒಂದು ಸಣ್ಣ ಊರಿನಲ್ಲಿ. ನಮ್ಮೂರಿನಲ್ಲಿ ಗಡಿಯಾರಕ್ಕಿಂತ ಹೊಳೆಯ ನೀರಿಗೇ ಹೆಚ್ಚು ಮರ್ಯಾದೆ. ದೋಣಿ ಹೊರಡುವುದು ಭರತವನ್ನು ನೋಡಿ. ಗಜನಿ ಗದ್ದೆಯ ತೂಬು ತೆರೆಯುವುದು ಇಳಿತವನ್ನು ನೋಡಿ. ಹೆಂಗಸರು ಬಳಚು ಆರಿಸಲು ಕೆಸರಿಗೆ ಇಳಿಯುವುದೂ ಇಳಿತವನ್ನು ನೋಡಿಯೇ. ನನ್ನ ಅಜ್ಜಿಗೆ ಅಕ್ಷರ ಬಾರದು. ಆದರೆ ಇಂದು ನೀರು ಇಂಥ ಹೊತ್ತಿಗೆ ಇಳಿದರೆ ನಾಳೆ ಅದಕ್ಕಿಂತ ಎರಡು ಗಳಿಗೆ ತಡವಾಗಿ ಇಳಿಯುವುದೆಂದೂ, ಅಮಾವಾಸ್ಯೆ ಹುಣ್ಣಿಮೆಗಳ ಮಗ್ಗುಲಲ್ಲಿ ಅದು ಹೆಚ್ಚು ಏರಿ ಹೆಚ್ಚು ಇಳಿಯುವುದೆಂದೂ, ಅಷ್ಟಮಿಯ ಹೊತ್ತಿಗೆ ಸೋಮಾರಿಯಾಗುವುದೆಂದೂ ಅವಳು ಬೆರಳೆಣಿಸಿ ಹೇಳುತ್ತಾಳೆ. ಇದೆಲ್ಲವೂ ಚಂದ್ರನ ಕೆಲಸವೆಂಬುದು ಅವಳ ಗಟ್ಟಿಯಾದ ನಂಬಿಕೆ.

ಪಿ.ಯು.ಸಿ. ಓದುತ್ತಿದ್ದಾಗ ಒಂದು ರಜೆಯಲ್ಲಿ ಊರಿಗೆ ಹೋದ ನಾನು ಈ ನಂಬಿಕೆಯನ್ನು ಕೇಳಿ ನಕ್ಕೆ. ಆಗತಾನೆ ಗೆಲಿಲಿಯೋನ ಚರಿತ್ರೆಯನ್ನು ಓದಿ ಮುಗಿಸಿದ್ದೆ. ಮೂಢನಂಬಿಕೆಗಳ ವಿರುದ್ಧ ನಿಂತ ಆ ಧೀರನ ಕಥೆ ನನ್ನ ತಲೆಗೇರಿತ್ತು. ಚಂದ್ರನೆಂದರೆ ಬರಿಯ ಕಲ್ಲು ಮಣ್ಣು, ಅದೆಲ್ಲಿ ನಮ್ಮ ಹೊಳೆಯೆಲ್ಲಿ ಎಂದು ಅಜ್ಜಿಗೆ ದೊಡ್ಡ ಉಪನ್ಯಾಸವನ್ನೇ ಮಾಡಿದೆ. ಅವಳು ಮರುಮಾತಾಡದೆ ಬುಟ್ಟಿಯನ್ನೆತ್ತಿಕೊಂಡು ಹೊರಟುಹೋದಳು. ನೀರು ಇಳಿಯುವ ಹೊತ್ತಾಗಿತ್ತು.

ಇದಾದ ಎರಡು ವರ್ಷಗಳ ಮೇಲೆ ನಮ್ಮ ಇತಿಹಾಸದ ಗುರುಗಳು ಯೂರೋಪಿನ ನವೋದಯ ಕಾಲದ ಪಾಠವನ್ನು ಮಾಡುತ್ತ, ಗೆಲಿಲಿಯೋನೂ ಹೀಗೆಯೇ ನಕ್ಕಿದ್ದನೆಂದು ತಿಳಿಸಿದರು. ಭೂಮಿ ಚಲಿಸುತ್ತದೆಂಬುದಕ್ಕೆ ಅವನು ಎಲ್ಲಕ್ಕಿಂತ ಮಿಗಿಲಾಗಿ ನೆಚ್ಚಿದ್ದ ಸಾಕ್ಷ್ಯವೇ ತಪ್ಪಾಗಿತ್ತೆಂದೂ, ಆ ಸಾಕ್ಷ್ಯವು ಕಡಲಿನ ಉಬ್ಬರವಿಳಿತವೇ ಆಗಿತ್ತೆಂದೂ ಅವರು ಹೇಳಿದಾಗ ನಾನು ತಲೆ ತಗ್ಗಿಸಿ ಕುಳಿತೆ. ಅಂದಿನಿಂದ ಗ್ರಂಥಾಲಯದಲ್ಲಿ ದೊರೆತುದನ್ನೆಲ್ಲ ಓದಿ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥನೆ.

ಗೆಲಿಲಿಯೋ ಗೆಲಿಲೀ ಇಟಲಿಯ ಪೀಸಾ ನಗರದಲ್ಲಿ ೧೫೬೪ನೆಯ ಇಸವಿ ಫೆಬ್ರವರಿ ೧೫ರಂದು ಹುಟ್ಟಿದನು. ತಂದೆ ವಿಂಚೆನ್ಜೊ ಸಂಗೀತಗಾರ. ತಂತಿಯ ಉದ್ದಕ್ಕೂ ಬಿಗುವಿಗೂ ಸ್ವರಕ್ಕೂ ಇರುವ ಸಂಬಂಧವನ್ನು ಹಿರಿಯರ ಮಾತಿನಿಂದಲ್ಲದೆ ಸ್ವತಃ ಪರೀಕ್ಷಿಸಿ ತಿಳಿಯಬೇಕೆನ್ನುವ ಸ್ವಭಾವದವನು. ಮಗನಿಗೆ ಆ ಗುಣವು ಪಿತ್ರಾರ್ಜಿತವಾಗಿ ಬಂದಿತೆನ್ನಬಹುದು. ಮಗನು ವೈದ್ಯನಾಗಲೆಂದು ತಂದೆ ೧೫೮೧ರಲ್ಲಿ ಅವನನ್ನು ಪೀಸಾದ ವಿಶ್ವವಿದ್ಯಾನಿಲಯಕ್ಕೆ ಸೇರಿಸಿದನು. ಆದರೆ ಹುಡುಗನ ಮನಸ್ಸು ಗಣಿತದ ಕಡೆಗೆ ತಿರುಗಿತು. ೧೫೮೫ರಲ್ಲಿ ಪದವಿಯನ್ನು ಪಡೆಯದೆಯೇ ಅವನು ಅಲ್ಲಿಂದ ಹೊರಬಿದ್ದನು. ಪದವಿಯಿಲ್ಲದ ಈ ತರುಣನೇ ೧೫೮೯ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಅಧ್ಯಾಪಕನಾದನು! ೧೫೯೨ರಲ್ಲಿ ವೆನಿಸ್ ಗಣರಾಜ್ಯಕ್ಕೆ ಸೇರಿದ ಪಾಡುವಾ ನಗರಕ್ಕೆ ಹೋಗಿ, ಹದಿನೆಂಟು ವರ್ಷ ಅಲ್ಲಿ ಪಾಠ ಹೇಳಿದನು.

ಪಾಡುವಾದಿಂದ ವೆನಿಸ್ ಬಹು ದೂರವಿಲ್ಲ. ವೆನಿಸ್ ನೀರಿನ ಮೇಲೆ ಕಟ್ಟಿದ ಊರು. ಬೀದಿಗಳ ಬದಲು ಕಾಲುವೆಗಳು, ಬಂಡಿಗಳ ಬದಲು ದೋಣಿಗಳು. ಸುತ್ತಲೂ ನೀರಿದ್ದರೂ ಕುಡಿಯುವ ನೀರಿಗೆ ಬರ. ಆದ್ದರಿಂದ ಸಿಹಿನೀರನ್ನು ದೊಡ್ಡ ದೋಣಿಗಳಲ್ಲಿ ತುಂಬಿ ದಡದಿಂದ ಊರಿಗೆ ತರುತ್ತಿದ್ದರು. ಸಾಗುತ್ತಿರುವ ದೋಣಿ ಎಲ್ಲಿಯಾದರೂ ತಡೆದು ನಿಧಾನವಾದರೆ ಒಳಗಿನ ನೀರು ಮುಂದಕ್ಕೆ ನುಗ್ಗಿ ಮೂತಿಯ ಕಡೆ ಏರುವುದು. ದೋಣಿ ಒಮ್ಮೆಗೇ ವೇಗವಾದರೆ ನೀರು ಹಿಂದೆ ಸರಿದು ಹಿಂಬದಿಯಲ್ಲಿ ಏರುವುದು. ಕೊಡದಲ್ಲಿ ನೀರು ಹೊತ್ತು ನಡೆದವರಿಗೆಲ್ಲ ಇದು ತಿಳಿದದ್ದೇ. ಆದರೆ ಗೆಲಿಲಿಯೋನಿಗೆ ಇದರಲ್ಲಿ ಕಡಲೇ ಕಂಡಿತು. ಕಡಲಿನ ತಳವೂ ಒಂದು ದೊಡ್ಡ ದೋಣಿಯಲ್ಲವೆ? ಅದು ಒಮ್ಮೆ ವೇಗವಾಗಿ ಒಮ್ಮೆ ನಿಧಾನವಾಗಿ ಸಾಗಿದರೆ ನೀರು ಅತ್ತಿತ್ತ ತುಳುಕದೆ ಇದ್ದೀತೆ?

ಕೋಪರ್ನಿಕಸನ ಗ್ರಂಥವು ೧೫೪೩ರಲ್ಲಿಯೇ ಹೊರಬಂದಿತ್ತು. ಭೂಮಿಯು ದಿನಕ್ಕೊಮ್ಮೆ ತನ್ನ ಸುತ್ತ ತಾನೇ ತಿರುಗುವುದಲ್ಲದೆ ವರ್ಷಕ್ಕೊಮ್ಮೆ ಸೂರ್ಯನನ್ನೂ ಸುತ್ತುವುದೆಂಬುದು ಅದರ ಸಾರ. ಗೆಲಿಲಿಯೋ ಈ ಎರಡು ಚಲನೆಗಳನ್ನು ಕೂಡಿಸಿ ನೋಡಿದನು. ಭೂಮಿಯ ರಾತ್ರಿಯ ಮಗ್ಗುಲಲ್ಲಿ ಎರಡು ಚಲನೆಗಳೂ ಒಂದೇ ದಿಕ್ಕಿಗೆ ಇರುವುದರಿಂದ ಅವು ಕೂಡುತ್ತವೆ. ಹಗಲಿನ ಮಗ್ಗುಲಲ್ಲಿ ಎದುರುಬದುರಾಗುವುದರಿಂದ ಒಂದರಲ್ಲಿ ಒಂದು ಕಳೆಯುತ್ತವೆ. ಆದಕಾರಣ ಪ್ರತಿಯೊಂದು ಕಡಲೂ ದಿನಕ್ಕೊಮ್ಮೆ ವೇಗವಾಗಿಯೂ ಒಮ್ಮೆ ನಿಧಾನವಾಗಿಯೂ ಸಾಗುತ್ತದೆ, ಇದರಿಂದಲೇ ನೀರು ಏರಿಳಿಯುತ್ತದೆ ಎಂದು ಅವನು ತರ್ಕಿಸಿದನು. ಭೂಮಿ ನಿಂತಿದ್ದರೆ ಉಬ್ಬರವಿಳಿತವೇ ಇರಲಾರದು, ಉಬ್ಬರವಿಳಿತವಿದೆ, ಆದ್ದರಿಂದ ಭೂಮಿ ಚಲಿಸುತ್ತದೆ. ಎಷ್ಟು ಸರಳ, ಎಷ್ಟು ಸುಂದರ! ೧೫೯೭ರಲ್ಲಿ ಅವನು ಜರ್ಮನ್ ಖಗೋಳಜ್ಞ ಕೆಪ್ಲರನಿಗೆ ಬರೆದ ಪತ್ರದಲ್ಲಿ, ಭೂಮಿಯ ಚಲನೆಯಿಂದ ಪ್ರಕೃತಿಯ ಕೆಲವು ಸಂಗತಿಗಳಿಗೆ ಕಾರಣ ಸಿಕ್ಕಿದೆಯೆಂದು ಹೆಸರು ಹೇಳದೆ ಸೂಚಿಸಿದನು. ಅದು ಉಬ್ಬರವಿಳಿತವೇ ಇರಬೇಕೆಂದು ಕೆಪ್ಲರನು ಊಹಿಸಿದನು.

೧೬೦೯ ಗೆಲಿಲಿಯೋನ ಬಾಳಿನಲ್ಲಿ ಮರೆಯಲಾಗದ ವರ್ಷ. ಹಾಲೆಂಡಿನಲ್ಲಿ ದೂರದ ವಸ್ತುಗಳನ್ನು ಹತ್ತಿರ ತೋರಿಸುವ ಕೊಳವೆಯೊಂದು ಹುಟ್ಟಿದೆಯೆಂಬ ಸುದ್ದಿಯನ್ನು ಕೇಳಿ, ಅವನು ತಾನೇ ಗಾಜುಗಳನ್ನು ಉಜ್ಜಿ ಅದಕ್ಕಿಂತ ಉತ್ತಮವಾದ ದೂರದರ್ಶಕವನ್ನು ಮಾಡಿದನು. ವೆನಿಸಿನ ಹಿರಿಯರು ಗೋಪುರವನ್ನೇರಿ, ಬರಿಗಣ್ಣಿಗೆ ಇನ್ನೂ ಕಾಣದ ಹಡಗುಗಳನ್ನು ಅದರಲ್ಲಿ ಕಂಡು ಬೆರಗಾದರು. ಅದೇ ಯಂತ್ರವನ್ನು ಅವನು ಆಕಾಶಕ್ಕೆ ತಿರುಗಿಸಿದಾಗ ಚಂದ್ರನಲ್ಲಿ ಬೆಟ್ಟಗಳೂ ಕಣಿವೆಗಳೂ ಕಂಡವು. ಕತ್ತಲೆಯ ಭಾಗದಲ್ಲಿ ಬೆಳಗುವ ಶಿಖರಗಳು ಬೆಳಕಿನ ಅಂಚಿನಿಂದ ಎಷ್ಟು ದೂರವಿವೆಯೆಂಬುದರಿಂದ ಆ ಬೆಟ್ಟಗಳ ಎತ್ತರವನ್ನೂ ಲೆಕ್ಕ ಹಾಕಿದನು. ಬಿದಿಗೆ ತದಿಗೆಗಳ ಚಂದ್ರನಲ್ಲಿ ಕತ್ತಲೆಯ ಭಾಗವೂ ಮಸುಕಾಗಿ ಬೆಳಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಅದು ಭೂಮಿಯು ಚಂದ್ರನಿಗೆ ಕೊಡುವ ಬೆಳಕೆಂದು ಅವನು ವಿವರಿಸಿದನು. ೧೬೧೦ರ ಜನವರಿಯಲ್ಲಿ ಗುರುಗ್ರಹದ ನಾಲ್ಕು ಉಪಗ್ರಹಗಳು ಅವನ ಕಣ್ಣಿಗೆ ಬಿದ್ದವು. ಆ ವರ್ಷದ ಮಾರ್ಚಿಯಲ್ಲಿ ಪ್ರಕಟವಾದ ಸಣ್ಣ ಪುಸ್ತಕದಿಂದ ಅವನ ಕೀರ್ತಿ ಯೂರೋಪಿನಲ್ಲೆಲ್ಲ ಹರಡಿತು. ಫ್ಲಾರೆನ್ಸಿನ ದೊರೆಯ ಆಸ್ಥಾನ ವಿದ್ವಾಂಸನಾಗಿ ಅವನು ಪಾಡುವಾವನ್ನು ಬಿಟ್ಟನು.

ಭೂಮಿಯ ಬೆಳಕು ಚಂದ್ರನನ್ನು ಮುಟ್ಟುವುದೆಂದು ಕಂಡ ಈ ಮಹಾಶಯನು, ಚಂದ್ರನ ಸೆಳೆತ ಭೂಮಿಯ ಕಡಲನ್ನು ಮುಟ್ಟೀತೆಂಬುದನ್ನು ಮಾತ್ರ ಒಪ್ಪಲಿಲ್ಲ. ಅದೇ ೧೬೦೯ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದ ಪೀಠಿಕೆಯಲ್ಲಿ ಕೆಪ್ಲರನು, ಚಂದ್ರನ ಆಕರ್ಷಣೆ ಭೂಮಿಯವರೆಗೂ ಚಾಚಿ ಕಡಲಿನ ನೀರನ್ನು ಸೆಳೆಯುವುದೆಂದು ಬರೆದಿದ್ದನು. ಇಂಥ ಬುದ್ಧಿವಂತನು ನೀರಿನ ಮೇಲೆ ಚಂದ್ರನ ಪ್ರಭುತ್ವವೆಂಬ ಹುಡುಗಾಟದ ಮಾತಿಗೆ ಕಿವಿಗೊಟ್ಟನಲ್ಲಾ ಎಂದು ಗೆಲಿಲಿಯೋ ಮುಂದೆ ತನ್ನ ಗ್ರಂಥದಲ್ಲಿ ಆಶ್ಚರ್ಯಪಟ್ಟನು. ಇದನ್ನು ಓದಿದಾಗ ನನಗೆ ನನ್ನ ಅಜ್ಜಿಯ ಬುಟ್ಟಿ ನೆನಪಾಯಿತು.

ಆದರೂ ಅವನನ್ನು ಹಟಮಾರಿಯೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ನ್ಯಾಯವಲ್ಲ. ಆ ಕಾಲದಲ್ಲಿ ಗ್ರಹಗಳ ಪ್ರಭಾವವೆಂಬ ಮಾತು ಜೋಯಿಸರ ಬಾಯಲ್ಲಿ ಇದ್ದುದು. ಮುಟ್ಟದೆ ತಟ್ಟದೆ ದೂರದಿಂದಲೇ ಒಂದು ವಸ್ತು ಇನ್ನೊಂದನ್ನು ಎಳೆಯುವುದೆಂದರೆ ಅವನಿಗೆ ಅದು ಮಂತ್ರವಿದ್ಯೆಯಂತೆ ತೋರಿತು. ಕಣ್ಣಿಗೆ ಕಾಣುವ, ದೋಣಿಯ ನೀರಿನಲ್ಲಿ ತೋರಿಸಬಹುದಾದ ಕಾರಣವೊಂದೇ ಅವನಿಗೆ ಬೇಕಾಗಿತ್ತು. ಮಂತ್ರವಾದವನ್ನು ದೂರವಿಡಲು ಹೋಗಿ ಅವನು ಸತ್ಯವನ್ನೂ ದೂರವಿಟ್ಟನು.

ಕಡಲು ಮಾತ್ರ ಅವನ ಪರವಾಗಿ ಸಾಕ್ಷಿ ಹೇಳಲಿಲ್ಲ. ಅವನ ಲೆಕ್ಕದಂತೆ ನೀರು ದಿನಕ್ಕೆ ಒಂದೇ ಸಲ ಏರಬೇಕು, ಅದೂ ದಿನದಿನವೂ ಒಂದೇ ಹೊತ್ತಿಗೆ. ಹೆಚ್ಚಿನ ಕರಾವಳಿಗಳಲ್ಲಿ ನೀರು ಏರುವುದು ಎರಡು ಸಲ. ಒಂದು ಏರಿಕೆಗೂ ಮತ್ತೊಂದಕ್ಕೂ ನಡುವೆ ಸುಮಾರು ೧೨ ಗಂಟೆ ೨೫ ನಿಮಿಷ. ದಿನಕ್ಕೆ ಸುಮಾರು ೫೦ ನಿಮಿಷ, ಎಂದರೆ ಅಜ್ಜಿ ಹೇಳುವ ಎರಡು ಗಳಿಗೆಯಷ್ಟು, ಅದು ತಡವಾಗುತ್ತ ಹೋಗುತ್ತದೆ. ಚಂದ್ರೋದಯವೂ ಸರಾಸರಿಯಲ್ಲಿ ಅಷ್ಟೇ ತಡವಾಗುತ್ತ ಹೋಗುವುದಷ್ಟೆ. ಎರಡು ಸಲ ಏರುವುದಕ್ಕೆ ಕಡಲಿನ ಉದ್ದ, ಆಳಗಳು ಕಾರಣವೆಂದು ಗೆಲಿಲಿಯೋ ಸಮಾಧಾನ ಹೇಳಿಕೊಂಡನು. ಇನ್ನೊಂದು ವಿಚಿತ್ರವಿದೆ. ಸಮವಾಗಿ ಸಾಗುವ ಹಡಗಿನ ಕೋಣೆಯಲ್ಲಿ ಕುಳಿತವರಿಗೆ ಹಡಗಿನ ಚಲನೆ ತಿಳಿಯದೆಂದು ಜಗತ್ತಿಗೆ ಬೋಧಿಸಿದವನು ಅವನೇ. ಭೂಮಿಯ ಜೊತೆಯಲ್ಲಿಯೇ ಸಾಗುವ ನೀರಿಗೂ ಆ ನ್ಯಾಯವೇ ಸಲ್ಲಬೇಕಲ್ಲವೆ? ಅದು ಅವನಿಗೆ ತೋಚಲಿಲ್ಲ.

ಈ ವಾದವನ್ನು ಅವನು ೧೬೧೬ರ ಜನವರಿಯಲ್ಲಿ ರೋಮಿನಲ್ಲಿ ಬರೆದು ಒಬ್ಬ ಕಾರ್ಡಿನಲರಿಗೆ ಒಪ್ಪಿಸಿದನು. ಕೋಪರ್ನಿಕಸನ ಮತವನ್ನು ಧರ್ಮಾಧಿಕಾರಿಗಳು ವಿಚಾರಣೆಗೆ ತೆಗೆದುಕೊಂಡಿದ್ದ ಕಾಲವದು. ಫಲವಾಗಲಿಲ್ಲ. ಫೆಬ್ರವರಿಯಲ್ಲಿ ಕಾರ್ಡಿನಲ್ ಬೆಲ್ಲಾರ್ಮಿನೊ ಅವನನ್ನು ಕರೆಸಿ, ಆ ಮತವನ್ನು ಬಿಡಬೇಕೆಂದು ಎಚ್ಚರಿಸಿದನು. ಮಾರ್ಚಿಯಲ್ಲಿ ಕೋಪರ್ನಿಕಸನ ಗ್ರಂಥಕ್ಕೆ ತಿದ್ದುಪಡಿಯಾಗುವವರೆಗೆ ತಡೆಯಾಯಿತು. ಗೆಲಿಲಿಯೋ ಏಳು ವರ್ಷ ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದನು.

೧೬೨೩ರಲ್ಲಿ ಅವನ ಅಭಿಮಾನಿಯಾಗಿದ್ದ ಬಾರ್ಬೆರಿನಿ ಎಂಬಾತನು ಎಂಟನೆಯ ಅರ್ಬನ್ ಎಂಬ ಹೆಸರಿನಿಂದ ಪೋಪ್ ಆದನು. ಭೂಚಲನೆಯನ್ನು ಒಂದು ಊಹೆಯಾಗಿ ಮಾತ್ರ ಚರ್ಚಿಸಬಹುದೆಂದು ಅವನಿಂದ ಅನುಮತಿ ದೊರೆಯಿತು. ಗೆಲಿಲಿಯೋ ವರ್ಷಗಟ್ಟಲೆ ಶ್ರಮಪಟ್ಟು ಒಂದು ಸಂವಾದ ಗ್ರಂಥವನ್ನು ಬರೆದನು. ಸ್ಥಳ ವೆನಿಸ್, ಮಾತನಾಡುವವರು ಮೂವರು, ಕಾಲ ನಾಲ್ಕು ದಿನ. ನಾಲ್ಕನೆಯ ದಿನವೆಲ್ಲ ಉಬ್ಬರವಿಳಿತಕ್ಕೇ ಮೀಸಲು. ಗ್ರಂಥಕ್ಕೆ ಉಬ್ಬರವಿಳಿತದ ಹೆಸರನ್ನೇ ಇಡಬೇಕೆಂದು ಅವನ ಆಸೆಯಿತ್ತು. ಹಾಗೆ ಇಟ್ಟರೆ ಊಹೆಯು ಸಿದ್ಧಾಂತದಂತೆ ತೋರುವುದೆಂದು ಪೋಪ್ ಅದನ್ನು ತಡೆದನು. ೧೬೩೨ರಲ್ಲಿ ಫ್ಲಾರೆನ್ಸಿನಲ್ಲಿ ಗ್ರಂಥ ಹೊರಬಂದಿತು.

ಭಗವಂತನು ಸರ್ವಶಕ್ತನಾದುದರಿಂದ ಉಬ್ಬರವಿಳಿತವನ್ನು ನಮಗೆ ತೋರದ ಬೇರೆ ಎಷ್ಟೋ ವಿಧಗಳಿಂದ ಉಂಟುಮಾಡಬಲ್ಲನು, ಆದಕಾರಣ ಒಂದೇ ಕಾರಣವನ್ನು ಖಂಡಿತವೆಂದು ಸಾಧಿಸಲಾಗದು ಎಂಬುದು ಪೋಪನ ವಾದವಾಗಿತ್ತು. ಗ್ರಂಥದ ಕೊನೆಯಲ್ಲಿ ಈ ವಾದವೇನೋ ಬಂದಿತು. ಆದರೆ ಮೊದಲಿನಿಂದಲೂ ಸೋಲುತ್ತ ಬಂದ ಸಿಂಪ್ಲೀಚಿಯೊ ಎಂಬ ಪಾತ್ರದ ಬಾಯಿಂದ! ಪೋಪನು ಕೆರಳಿದನು. ಎಪ್ಪತ್ತರ ಹತ್ತಿರವಾಗಿದ್ದ ಮುದುಕನು ಕಾಯಿಲೆಯಲ್ಲಿಯೇ ರೋಮಿಗೆ ಹೋಗಿ ವಿಚಾರಣೆಗೆ ನಿಲ್ಲಬೇಕಾಯಿತು. ೧೬೩೩ನೆಯ ಜೂನ್ ೨೨ರಂದು ಅವನು ಮೊಣಕಾಲೂರಿ, ಭೂಮಿಯು ಚಲಿಸುವುದೆಂಬ ಮತವನ್ನು ತೊರೆದೆನೆಂದು ಒಪ್ಪಿಕೊಂಡನು. ಗ್ರಂಥ ನಿಷೇಧವಾಯಿತು. ಸೆರೆಮನೆಯ ಬದಲು ಉಳಿದ ಬಾಳೆಲ್ಲ ಗೃಹಬಂಧನವೆಂದಾಯಿತು.

ಇಲ್ಲಿ ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಒಂದು ಕಾರಣದಿಂದ ಫಲ ಬರುವುದೆಂದು ತೋರಿಸಿದ ಮಾತ್ರಕ್ಕೆ ಅದೇ ಕಾರಣವೆಂದು ಸಿದ್ಧವಾಗದು ಎಂಬಷ್ಟರ ಮಟ್ಟಿಗೆ ಪೋಪನ ಮಾತಿನಲ್ಲಿ ಹುರುಳಿತ್ತು. ಉಬ್ಬರಕ್ಕೆ ಕಾರಣ ಬೇರೆಯೇ ಇತ್ತು. ಆದರೂ ಭೂಮಿ ಚಲಿಸುತ್ತಲೇ ಇತ್ತು! ಗೆಲಿಲಿಯೋನ ತೀರ್ಮಾನ ಸರಿ, ಸಾಕ್ಷ್ಯ ತಪ್ಪು. ತಪ್ಪು ಸಾಕ್ಷ್ಯಕ್ಕೆ ಉತ್ತರವೆಂದರೆ ಸರಿಯಾದ ಸಾಕ್ಷ್ಯವೇ ಹೊರತು ಸೆರೆಯಲ್ಲ. ಕಡಲಿನ ತಪ್ಪು ವಿವರಣೆಯನ್ನು ತಿದ್ದಬೇಕಾದವರು ಕಡಲನ್ನು ನೋಡುವವರು, ನ್ಯಾಯಪೀಠದಲ್ಲಿ ಕುಳಿತವರಲ್ಲ.

ಗೆಲಿಲಿಯೋನ ಕೊನೆಯ ವರ್ಷಗಳು ಫ್ಲಾರೆನ್ಸಿನ ಹೊರಗೆ ಆರ್ಚೆಟ್ರಿ ಎಂಬಲ್ಲಿ ಕಳೆದವು. ಸಮೀಪದ ಕ್ರೈಸ್ತಮಠದಲ್ಲಿ ಅವನ ಹಿರಿಯ ಮಗಳು ಸನ್ಯಾಸಿನಿಯಾಗಿದ್ದಳು. ತಂದೆಯ ಸಂಕಟದ ದಿನಗಳಲ್ಲಿ ಪತ್ರಗಳಿಂದ ಅವನಿಗೆ ಧೈರ್ಯ ತುಂಬಿದವಳು ಆಕೆಯೇ. ೧೬೩೪ರ ಏಪ್ರಿಲಿನಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಅವಳು ತೀರಿಕೊಂಡಳು. ಆ ದುಃಖವನ್ನು ನುಂಗಿಕೊಂಡು ಅವನು ಚಲನೆಯ ವಿಷಯವಾಗಿ ತನ್ನ ಅತ್ಯುತ್ತಮ ಗ್ರಂಥವನ್ನು ಬರೆದನು. ಅದು ೧೬೩೮ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಅವನ ಎರಡು ಕಣ್ಣುಗಳೂ ಹೋಗಿದ್ದವು.

ಕಣ್ಣು ಪೂರ್ಣವಾಗಿ ಹೋಗುವ ಮೊದಲು, ೧೬೩೭ರಲ್ಲಿ, ಅವನು ಕೊನೆಯ ಶೋಧವೊಂದನ್ನು ಮಾಡಿದನು. ಅದೂ ಚಂದ್ರನದೇ. ಚಂದ್ರನು ಒಂದೇ ಮುಖವನ್ನು ನಮಗೆ ತೋರಿಸುವನಾದರೂ ಆ ಮುಖವು ಅತ್ತಿತ್ತ ಸ್ವಲ್ಪ ತೂಗುವುದನ್ನು ಅವನು ಕಂಡನು. ಈ ತೂಗಾಟದಲ್ಲಿ ದಿನದ, ತಿಂಗಳಿನ, ವರ್ಷದ ಮೂರು ಕಾಲಕ್ರಮಗಳಿವೆಯೆಂದೂ, ಕಡಲಿನ ಏರಿಳಿತಗಳಲ್ಲಿಯೂ ಅವೇ ಮೂರು ಇವೆಯೆಂದೂ, ಆ ಏರಿಳಿತಗಳಿಗೆ ಚಂದ್ರನೇ ಒಡೆಯನೆಂದು ಎಲ್ಲರೂ ಒಪ್ಪುವರೆಂದೂ ವೆನಿಸಿನ ಮಿತ್ರನಿಗೆ ಬರೆದನು. ಹಳೆಯ ವಾದವನ್ನು ಬಿಟ್ಟೆನೆಂದು ಅವನು ಹೇಳಲಿಲ್ಲ. ಆದರೆ ನಲವತ್ತು ವರ್ಷ ಮುಚ್ಚಿದ್ದ ಬಾಗಿಲೊಂದನ್ನು ಆ ಮುದುಕನು ಕುರುಡಾಗುವ ಹೊತ್ತಿಗೆ ಮೆಲ್ಲನೆ ತಟ್ಟಿದಂತೆ ನನಗೆ ತೋರುತ್ತದೆ. ೧೬೪೨ನೆಯ ಜನವರಿ ೮ರಂದು ಅವನು ತೀರಿಕೊಂಡನು.

ಅದೇ ವರ್ಷದ ಕೊನೆಯಲ್ಲಿ, ಇಂಗ್ಲೆಂಡಿನ ಆಗಿನ ಪಂಚಾಂಗದಂತೆ ಡಿಸೆಂಬರ್ ೨೫ರಂದು, ನ್ಯೂಟನ್ ಹುಟ್ಟಿದನು. ೧೬೮೭ರ ತನ್ನ ಗ್ರಂಥದಲ್ಲಿ ಅವನು ಗುರುತ್ವಾಕರ್ಷಣೆಯಿಂದ ಉಬ್ಬರವನ್ನು ವಿವರಿಸಿದನು. ದೂರ ಹೆಚ್ಚಿದಂತೆ ಸೆಳೆತ ಕಡಮೆಯಾಗುವುದು. ಚಂದ್ರನಿಗೆ ಎದುರಾದ ಕಡಲನ್ನು ಚಂದ್ರನು ಭೂಮಿಯ ನಡುವಿಗಿಂತ ಹೆಚ್ಚಾಗಿ ಸೆಳೆಯುವನು. ಆಚೆಯ ಮಗ್ಗುಲಿನ ಕಡಲನ್ನು ನಡುವಿಗಿಂತ ಕಡಮೆಯಾಗಿ ಸೆಳೆಯುವನು. ಆದ್ದರಿಂದ ಎರಡು ಕಡೆಗಳಲ್ಲಿಯೂ ನೀರು ಸೇರಿ ಉಬ್ಬುತ್ತದೆ. ಭೂಮಿ ತಿರುಗುವಾಗ ಒಂದೇ ಊರು ಎರಡು ಉಬ್ಬುಗಳನ್ನೂ ದಾಟುವುದರಿಂದ ದಿನಕ್ಕೆ ಎರಡು ಭರತ. ಅಷ್ಟರೊಳಗೆ ಚಂದ್ರನೂ ಮುಂದೆ ಸಾಗಿರುವುದರಿಂದ ಎರಡು ಗಳಿಗೆ ತಡ.

ಸೂರ್ಯನಿಗೂ ಇದರಲ್ಲಿ ಪಾಲುಂಟು. ಸೂರ್ಯನ ದ್ರವ್ಯರಾಶಿ ಚಂದ್ರನದಕ್ಕಿಂತ ಸುಮಾರು ೨ ಕೋಟಿ ೭೦ ಲಕ್ಷ ಪಟ್ಟು ಹೆಚ್ಚು. ಆದರೆ ಅವನು ಸುಮಾರು ೩೯೦ ಪಟ್ಟು ದೂರ. ನೀರನ್ನು ಉಬ್ಬಿಸುವುದು ಸೆಳೆತವಲ್ಲ, ಈ ಮಗ್ಗುಲಿಗೂ ಆ ಮಗ್ಗುಲಿಗೂ ಇರುವ ಸೆಳೆತದ ವ್ಯತ್ಯಾಸ. ಈ ವ್ಯತ್ಯಾಸವು ದೂರದ ಘನಕ್ಕೆ ತಕ್ಕಂತೆ ಇಳಿದುಹೋಗುವುದರಿಂದ ಸೂರ್ಯನ ಪಾಲು ಚಂದ್ರನದರ ಅರ್ಧಕ್ಕಿಂತ ತುಸು ಕಡಮೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಕೂಡಿ ಕೆಲಸ ಮಾಡುವರು; ಅಷ್ಟಮಿಯ ಹೊತ್ತಿಗೆ ಅಡ್ಡಲಾಗಿ ನಿಂತು ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುವರು.

ಗೆಲಿಲಿಯೋನ ಶ್ರಮವೆಲ್ಲ ವ್ಯರ್ಥವಾಯಿತೇ? ಹಾಗಲ್ಲ. ಕಡಲಿನ ಉದ್ದ, ಆಳ, ಆಕಾರಗಳಿಗೆ ತಕ್ಕಂತೆ ನೀರಿನ ತುಳುಕಾಟ ಬದಲಾಗುವುದೆಂಬ ಅವನ ಮಾತು ನಿಜವೇ. ನಮ್ಮ ಕರಾವಳಿಯಲ್ಲಿ ಸುಮಾರು ಆಳೆತ್ತರವಷ್ಟೇ ಏರಿಳಿಯುವ ಅದೇ ನೀರು, ಕೆನಡಾದ ಫಂಡಿ ಕೊಲ್ಲಿಯ ತುದಿಯಲ್ಲಿ ೧೬ ಮೀಟರುಗಳವರೆಗೆ ಏರಿಳಿಯುವುದಕ್ಕೆ ಆ ಕೊಲ್ಲಿಯ ಉದ್ದವೂ ಆಳವೂ ಕಾರಣ. ಫ್ರಾನ್ಸಿನ ಲಾಪ್ಲಾಸನು ಹದಿನೆಂಟನೆಯ ಶತಮಾನದಲ್ಲಿ ಕಡಲಿನ ನೀರು ಹೇಗೆ ಚಲಿಸುವುದೆಂಬ ಗಣಿತವನ್ನು ರಚಿಸಿದ ಮೇಲೆ ಚಂದ್ರಸೂರ್ಯರ ಸೆಳೆತವೂ ಕಡಲಿನ ಆಕಾರವೂ ಒಂದೇ ಲೆಕ್ಕದಲ್ಲಿ ಕೂಡಿಬಂದವು. ಗೆಲಿಲಿಯೋನ ವಿಚಾರಣೆಯಲ್ಲಿ ನ್ಯಾಯಾಧಿಪತಿಗಳು ತಪ್ಪಿದರೆಂದು ೧೯೯೨ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಬಹಿರಂಗವಾಗಿ ಒಪ್ಪಿಕೊಂಡರು. ಅವರು ಒಪ್ಪಿದ್ದು ೩೫೯ ವರ್ಷ ತಡವಾಗಿ. ಕಡಲಾದರೋ ದಿನಕ್ಕೆ ಎರಡು ಗಳಿಗೆಗಿಂತ ಹೆಚ್ಚು ತಡಮಾಡುವುದಿಲ್ಲ.

ಮಹಾಪುರುಷರ ಚರಿತ್ರೆಗಳನ್ನು ನಾವು ವಿದ್ಯಾರ್ಥಿಗಳು ಓದುವಾಗ ಅವರನ್ನು ತಪ್ಪೇ ಮಾಡದ ದೇವರುಗಳನ್ನಾಗಿ ಮಾಡಿಕೊಳ್ಳುತ್ತೇವೆ. ಒಂದು ತಪ್ಪು ಕಂಡರೆ ಪೀಠದಿಂದ ಇಳಿಸಿಯೂ ಬಿಡುತ್ತೇವೆ. ಎರಡೂ ಸರಿಯಲ್ಲ. ಗೆಲಿಲಿಯೋ ತಪ್ಪಿದನೆಂದು ನಾವು ಇಂದು ಧೈರ್ಯವಾಗಿ ಹೇಳುವುದು ಅವನೇ ಕಲಿಸಿದ ಮಾರ್ಗದಿಂದ. ಯಾರು ಹೇಳಿದರೆಂದು ನೋಡದೆ, ವಸ್ತುವನ್ನು ನೋಡಿ ಅಳೆದು ಒಪ್ಪಬೇಕೆಂಬುದೇ ಆ ಮಾರ್ಗ. ತನಗೆ ಬಹು ಪ್ರಿಯವಾದ ವಾದದ ಮುಂದೆ ಅವನು ಅದನ್ನು ಮರೆತನು. ನಮಗೆ ಪ್ರಿಯವಾದ ವಾದಗಳ ಮುಂದೆ ನಾವೂ ಮರೆಯುತ್ತೇವೆ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಬಳಿ ಕುಳಿತು, ಅವಳ ಮಾತೇ ನಿಜವೆಂದು ಒಪ್ಪಿಕೊಂಡೆ. ಅವಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ; ಬಳಚಿನ ಚಿಪ್ಪು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ. ಸೂರ್ಯನಿಗೂ ಪಾಲುಂಟೆಂದು ಹೇಳಿದಾಗ ಮಾತ್ರ ಕೈ ನಿಲ್ಲಿಸಿ, ಅದು ಹೇಗೆಂದು ಕೇಳಿದಳು. ಅಂಗಳದಲ್ಲಿ ಮೂರು ಚಿಪ್ಪುಗಳನ್ನಿಟ್ಟು ನನಗೆ ತಿಳಿದಂತೆ ತೋರಿಸಿದೆ. ಅಮಾವಾಸ್ಯೆಯ ದಿನ ಚಂದ್ರನು ಕಾಣದಿದ್ದರೂ ನೀರು ಏಕೆ ಅಷ್ಟೊಂದು ಏರುವುದೆಂಬುದು ತನಗೆ ಇಷ್ಟು ವರ್ಷವೂ ತಿಳಿದಿರಲಿಲ್ಲವೆಂದು ಅವಳು ಹೇಳಿದಳು. ಅವಳು ಕಂಡದ್ದು ನನಗೆ ತಿಳಿದಿರಲಿಲ್ಲ. ನಾನು ಓದಿದ್ದು ಅವಳಿಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ನೀರು ಇಳಿಯುವ ಹೊತ್ತಾಯಿತು. ಈ ಸಲ ಬುಟ್ಟಿಯನ್ನು ನಾನೇ ಹೊತ್ತುಕೊಂಡು ಅವಳ ಹಿಂದೆ ಹೋದೆ.